ಅರ್ಧಕ್ಕೆ ಇಳಿಯುವ ತನಕ

ಪೂರ್ತಿ ಬೆಲೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅಂಗಡಿಯವನು ಬರೆದಿಟ್ಟ ಬೆಲೆಯನ್ನು ಕಣ್ಣು ಮುಚ್ಚಿಕೊಂಡು ಕೊಟ್ಟು ಬರುತ್ತಾರಲ್ಲ, ಅವರಿಗೆ ಬುದ್ಧಿ ಸ್ವಲ್ಪ ಕಮ್ಮಿ ಅಂತಲೇ ಅಂದುಕೊಂಡಿದ್ದೆ. ನನ್ನ ಕೆಲಸವೂ ಅಂಥದ್ದೇ. ದೊಡ್ಡದೊಂದು ದಿನಸಿ ಮಳಿಗೆಯಲ್ಲಿ ದಿನಾ ಮಧ್ಯಾಹ್ನ ಮೂರು ಗಂಟೆಗೆ ಚೀಟಿ ಅಂಟಿಸುವ ಮಷೀನು ಹಿಡಿದು ಹೊರಡುತ್ತೇನೆ. ನಾಳೆ ಅವಧಿ ಮುಗಿಯುವ ಹಾಲು, ಮೊಸರು, ಬ್ರೆಡ್ಡಿಗೆ ಕಾಲು ಭಾಗ ಕಡಿತ; ಇವತ್ತೇ ಮುಗಿಯುವುದಕ್ಕೆ ಅರ್ಧ. ನಾನು ಹಳದಿ ಚೀಟಿ ಅಂಟಿಸುತ್ತಾ ಮುಂದೆ ಹೋದರೆ ಹಿಂದೆ ನಾಲ್ಕಾರು ಜನ ಬುಟ್ಟಿ ಹಿಡಿದು, ಬೇರೆ ಏನನ್ನೋ ಹುಡುಕುವವರ ಹಾಗೆ ನಟಿಸುತ್ತಾ ಬರುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರು ನನಗೆ ಹಳದಿ ಚೀಟಿ ಅಂತಲೇ ಹೆಸರಿಟ್ಟಿದ್ದಾರೆ. ಬೇಜಾರೇನೂ ಇರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು.

ಮನೆಯಲ್ಲೂ ನನ್ನದೇ ಕಾನೂನು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕಾಗದ. ಯಾರಿಗೆ ಏನು ಬೇಕೋ ಅದನ್ನು ಅಲ್ಲಿ ಬರೆಯಬೇಕು, ಬೆಲೆ ಇಳಿಯುವ ತನಕ ಕಾಯಬೇಕು, ಕೊಂಡ ಮೇಲೆ ಹೊಡೆದುಹಾಕಬೇಕು. ಫ್ಯಾನಿಗೆ ಏಳು ತಿಂಗಳು ಕಾದೆವು. ಅದು ಮನೆಗೆ ಬರುವ ಹೊತ್ತಿಗೆ ಸೆಕೆಯೇ ಮುಗಿದಿತ್ತು. ಆದರೂ ಡಬ್ಬ ಬಿಚ್ಚುವಾಗ ನನ್ನ ಮುಖ ಅರಳಿತ್ತಂತೆ. ಹಾಗಂತ ನನ್ನ ಗಂಡ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದರು.

ಅವರು ಕಟ್ಟಿಸುವ ಹಲ್ಲು ಮಾಡುವವರು. ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹಾಕಿ, ಕಡ್ಡಿಯಷ್ಟು ತೆಳ್ಳಗಿನ ಚಾಕುವಿನಲ್ಲಿ ಹಲ್ಲು ಕೆತ್ತುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದರು. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಬಾಯಿ ತುಂಬ ನಕ್ಕರೆ ಸಾಕು, ನನ್ನ ಕಿವಿಯ ಹತ್ತಿರ ಬಂದು "ಅದು ನಂದು" ಅನ್ನುತ್ತಿದ್ದರು. ಸುಳ್ಳೋ ನಿಜವೋ ನಾನು ಕೇಳಲಿಲ್ಲ. ಸಂಜೆ ಮನೆಗೆ ಬಂದರೆ ಅವರಿಗೆ ಇದ್ದದ್ದು ಒಂದೇ ಚಟ, ವಿಡಿಯೋ ಗೇಮು. ಅದರಲ್ಲೂ ಒಂದು ದೋಣಿಯ ಆಟ. ಗುಂಡಿಲ್ಲ, ಬಡಿದಾಟವಿಲ್ಲ. ಒಬ್ಬ ಹೆಂಗಸು ತನ್ನ ಅಪ್ಪ ಬಿಟ್ಟುಹೋದ ಸರಕಿನ ದೋಣಿಯನ್ನು ನದಿಯುದ್ದಕ್ಕೂ ನಡೆಸುತ್ತಾಳೆ, ಅಷ್ಟೇ. ಎರಡು ಭಾಗ ಆಡಿ ಮುಗಿಸಿದ್ದರು, ಎರಡನ್ನೂ ಅರ್ಧ ಬೆಲೆಗೇ ಕೊಂಡಿದ್ದೆವು. ಅವಳು ಸಮುದ್ರ ಮುಟ್ಟುತ್ತಾಳೋ ಇಲ್ಲವೋ ಅನ್ನುವುದು ಮೂರನೆಯ ಭಾಗದಲ್ಲಿ ಗೊತ್ತಾಗಬೇಕಿತ್ತು. ಅದು ಹೊರಗೆ ಬರಲಿ ಅಂತ ಎಂಟು ವರ್ಷದಿಂದ ಕಾಯುತ್ತಿದ್ದರು.

ಹೋದ ವರ್ಷದ ಕೊನೆಗೆ ಮೇಣದ ಚಾಕು ಅವರ ಕೈಯಿಂದ ಜಾರತೊಡಗಿತು. ಮೊದಲು ದಣಿವು ಅಂದೆವು, ಆಮೇಲೆ ಚಳಿ ಅಂದೆವು. ನರದ ಡಾಕ್ಟರು ಮಾತ್ರ ಸುತ್ತಿ ಬಳಸಿ ಮಾತಾಡುವವರಲ್ಲ.

"ನರದ ಬಲ ಹೋಗ್ತಿದೆ, ಹೆಬ್ಬೆರಳಿಂದ ಶುರುವಾಗಿದೆ. ಎರಡೂ ಕೈಗೆ ಬರುತ್ತೆ. ಎಷ್ಟು ಬೇಗ ಅಂತ ನಾನು ಹೇಳೋಕಾಗಲ್ಲ," ಅಂದರು. ಎದ್ದು ಬರುವಾಗ ಇನ್ನೊಂದು ಮಾತು ಸೇರಿಸಿದರು. "ಕೈಯಲ್ಲಿ ಏನೇನು ಮಾಡಬೇಕು ಅನ್ಸುತ್ತೋ ಅದನ್ನ ಮುಂದಕ್ಕೆ ಹಾಕಬೇಡಿ."

ಈ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ನನ್ನ ಕಿವಿ ಚೆನ್ನಾಗಿಯೇ ಇದೆ.

ಜನವರಿಯಲ್ಲಿ ಅವರು ಕೆಲಸ ಬಿಟ್ಟರು. ಮಾರ್ಚಿನಲ್ಲಿ ಆಟ ಬಂತು. ಬೆಳಿಗ್ಗೆ ಕಾಫಿ ಕುಡಿಯುವಾಗ ಫೋನನ್ನು ನನ್ನ ಕಡೆ ತಿರುಗಿಸಿದರು.

"ಬಂದಿದೆ ನೋಡು."

"ಬೆಲೆ ನೋಡಿದ್ರಾ? ಆ ದುಡ್ಡಿಗೆ ಒಂದು ಜೊತೆ ಒಳ್ಳೇ ಶೂ ಬರುತ್ತೆ."

"ಈಗ ತಾನೇ ಬಂದಿದ್ದಲ್ವಾ, ಹಾಗೇ ಇರುತ್ತೆ."

"ಮೊದಲಿನ ಎರಡೂ ಐದು ತಿಂಗಳಿಗೆ ಅರ್ಧಕ್ಕೆ ಬಂದ್ವು. ಇದೂ ಬರುತ್ತೆ, ಎಲ್ಲಿಗೆ ಹೋಗುತ್ತೆ? ಐದೇ ತಿಂಗಳು ಕಣ್ರೀ."

"ಐದು ತಿಂಗಳು," ಅಂದರು. ಎಡಗೈಯಿಂದ ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡರು. "ಸರಿ ಬಿಡು, ನೀನು ಹೇಳಿದ್ಮೇಲೆ ಆಯ್ತು."

ಎದ್ದು ಹೋಗಿ ತಾವೇ ಪಟ್ಟಿಯಲ್ಲಿ ಆಟದ ಹೆಸರು ಬರೆದರು. ಅಕ್ಷರಗಳು ಸೊಟ್ಟಸೊಟ್ಟಗೆ, ಒಂದರ ಮೇಲೊಂದು ಬಿದ್ದಿದ್ದವು. ಅದನ್ನು ನೋಡಿ ನನಗೇನನ್ನಿಸಿತು ಗೊತ್ತೇ? ಪಟ್ಟಿಯಲ್ಲಿ ಬರೆದರಲ್ಲ, ಹಟ ಮಾಡಲಿಲ್ಲವಲ್ಲ ಅಂತ ಸಮಾಧಾನ ಅನ್ನಿಸಿತು.

ಈಗ ಯಾರಾದರೂ ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರ ಇದೆ. ಆಗಲೇ ಕೊಂಡುಬಿಟ್ಟಿದ್ದರೆ ಆ ಬೆರಳಿಗೆ ಐದು ತಿಂಗಳೂ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು, ಕಾಯೋಣ ಅನ್ನುವುದೇ ನನ್ನ ಧೈರ್ಯವಾಗಿತ್ತು ಅಂತ. ಇದರಲ್ಲಿ ಸ್ವಲ್ಪ ನಿಜವೂ ಉಂಟು. ಉಳಿದದ್ದು ಬರೀ ಜಿಪುಣತನ. ಹೊಸದರ ಬೆಲೆ ಕಂಡರೆ ನನಗೆ ಸಂಕಟವಾಗುತ್ತದೆ. ಆ ಸಂಕಟ ಅವರ ಬೆರಳಿಗಿಂತ ದೊಡ್ಡದಾಗಿತ್ತು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ಮೇ ತಿಂಗಳಲ್ಲಿ ನಾದಿನಿ ಬಂದಳು. ಅವಳು ಬಸ್ಸು ಓಡಿಸುತ್ತಾಳೆ. ಮಾತಿಗೆ ಮಾತ್ರ ಬ್ರೇಕಿಲ್ಲ. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಪಟ್ಟಿಯನ್ನೂ ನೋಡಿದಳು.

"ಇದನ್ನ ಇನ್ನೂ ತಗೊಂಡಿಲ್ವಾ? ನಾನು ಕೊಡಿಸ್ತೀನಿ ಅಣ್ಣ, ಈಗ್ಲೇ."

"ಬೇಡಮ್ಮ," ಅಂದೆ ನಾನು, ಅವರು ಬಾಯಿ ತೆರೆಯುವ ಮೊದಲೇ. "ಸುಮ್ಮನೆ ದುಡ್ಡು ದಂಡ. ಮೂರು ತಿಂಗಳಲ್ಲಿ ಅರ್ಧಕ್ಕೆ ಬರುತ್ತೆ."

"ನನ್ನ ದುಡ್ಡು ಅತ್ತಿಗೆ, ದಂಡ ಆದ್ರೆ ನಂಗೆ ಆಗುತ್ತೆ."

"ಯಾರ ದುಡ್ಡಾದ್ರೂ ದುಡ್ಡೇ. ನನ್ನ ಗಂಡನಿಗೆ ಬೇಕಾದ್ದನ್ನ ನಾನು ಕೊಡಿಸಲ್ವಾ? ನೀನು ಬಂದು ಕೊಡಿಸಬೇಕಾ?"

ಅವಳು ಅಣ್ಣನ ಮುಖ ನೋಡಿದಳು. ಅವರು ನೆಲ ನೋಡುತ್ತಾ, "ಬಿಡು, ಅವಳು ಹೇಳೋದು ಸರಿಯಾಗೇ ಇದೆ," ಅಂದರು. ನಾದಿನಿ ಚೀಲ ಹೆಗಲಿಗೆ ಹಾಕಿಕೊಂಡಳು.

"ಅತ್ತಿಗೆ, ನಮ್ಮಣ್ಣ ಮೊಸರಿನ ಡಬ್ಬ ಅಲ್ಲ," ಅಂದು ಹೊರಟೇಹೋದಳು. ಎರಡು ದಿನ ನಾನು ಮನೆಯಲ್ಲಿ ಪಾತ್ರೆ ಕುಕ್ಕಿಕೊಂಡು ಓಡಾಡಿದೆ. ಬಂದವಳು ಅತಿಥಿಯ ಹಾಗಿರಬೇಕು, ಅಧಿಕಪ್ರಸಂಗಿ ಅಂತೆಲ್ಲ ಬಾಯಿಗೆ ಬಂದಂತೆ ಅಂದೆ.

ಜೂನಿನ ಸೇಲಿನಲ್ಲಿ ಆ ಆಟದ ಬೆಲೆ ಐದನೇ ಒಂದು ಭಾಗ ಮಾತ್ರ ಇಳಿದಿತ್ತು. ಇಷ್ಟು ಕಾದವರು ಇದಕ್ಕೆ ಒಪ್ಪಿದರೆ ಕಾದದ್ದೆಲ್ಲ ವ್ಯರ್ಥ ಅನ್ನಿಸಿತು. "ಇನ್ನು ಸ್ವಲ್ಪ," ಅಂದೆ. ಅವರು ಆಗ ಹಳೆಯ ಭಾಗಗಳನ್ನೇ ಮತ್ತೆ ಆಡುತ್ತಿದ್ದರು. ಜುಲೈ ಕಳೆಯುವಷ್ಟರಲ್ಲಿ ಅದೂ ಕಮ್ಮಿಯಾಯಿತು. ಅಂಗಿಗಳ ಗುಂಡಿ ಕಿತ್ತು ನಾನು ಒತ್ತಿದರೆ ಹಿಡಿದುಕೊಳ್ಳುವ ಅಂಟುಪಟ್ಟಿ ಹೊಲಿದೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ದಿನಾ ಇಷ್ಟನ್ನೆಲ್ಲ ಮಾಡುತ್ತಲೇ, ದಿನಾ ಫೋನಿನಲ್ಲಿ ಬೆಲೆಯನ್ನೂ ನೋಡುತ್ತಿದ್ದೆ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಸೆಪ್ಟೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ನೋಡಿದರೆ ಅರ್ಧಕ್ಕಿಂತಲೂ ಕೆಳಗೆ ಬಂದಿತ್ತು. ಸಾಮಾನಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಫೋನಿನಲ್ಲೇ ಆಟ ಖರೀದಿಸಿದೆ. ರಜೆ ಹಾಕಿ ಮನೆಗೆ ಓಡಿದೆ.

"ತಗೊಂಡೆ ರೀ! ನಾನು ಅಂದಿದ್ದಕ್ಕಿಂತ ಕಮ್ಮಿಗೆ ಸಿಕ್ಕಿತು!"

ಅವರು ನಕ್ಕರು. ಕಿಟಕಿಯ ಪರದೆ ಎಳೆದು ಟೀವಿ ಹಾಕಿದೆ. ಕಂಟ್ರೋಲರನ್ನು ಅವರ ಮಡಿಲಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ನಾನೇ ಕೂರಿಸಿದೆ. ನದಿ ಬಂತು, ದೋಣಿ ಬಂತು. ಮುಂದೆ ಹೋಗಲು ಎಡ ಹೆಬ್ಬೆರಳಿನಿಂದ ಕಂಟ್ರೋಲರಿನ ಮೇಲಿನ ಪುಟ್ಟ ಕಡ್ಡಿ ತಳ್ಳಬೇಕು, ತಿರುಗಲು ಬಲದ್ದರಿಂದ. ಎಡಬೆರಳು ಅದರ ಮೇಲೆ ಸುಮ್ಮನೆ ಕೂತಿತ್ತು. ಅವರು ಇಡೀ ಭುಜದಿಂದ ತಳ್ಳಿದರು. ದೋಣಿ ಒಮ್ಮೆ ಮುಂದೆ ಹಾರಿ ದಡದ ಕಟ್ಟೆಗೆ ಗುದ್ದಿತು. ಮತ್ತೆ ತಳ್ಳಿದರು, ಮತ್ತೆ ಗುದ್ದಿತು. ಅಂಗೈಯಿಂದ ಒತ್ತಿದರು, ಮೊಣಕಾಲಿಗೆ ಆನಿಸಿ ಒತ್ತಿದರು. ಅವರ ಹಣೆ ಬೆವರಿತು. ದೋಣಿ ಹೊರಟ ಕಟ್ಟೆಯ ಹತ್ತಿರವೇ ಸುತ್ತುತ್ತಿತ್ತು.

"ಕೊಡಿ, ನಾನು ಆಡ್ತೀನಿ, ನೀವು ಹೇಳ್ಕೊಡಿ," ಅಂದೆ.

"ಬೇಡ. ಅದು ನಿನ್ನ ಆಟ ಆಗುತ್ತೆ." ಕೈಗಳನ್ನು ಪಕ್ಕಕ್ಕೆ ತೆಗೆದರು. "ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ವಾಪಸ್ ತಗೊಂಡು ದುಡ್ಡು ಕೊಡ್ತಾರೆ. ಹನ್ನೊಂದು ನಿಮಿಷ ಆಗಿದೆ ಅಷ್ಟೇ. ಇವತ್ತೇ ಕೇಳು."

ಚುಚ್ಚಿ ಮಾತಾಡುತ್ತಿದ್ದಾರೆ ಅಂತ ಮುಖ ನೋಡಿದೆ. ಇಲ್ಲ. ನನಗೆ ನಷ್ಟವಾಗಬಾರದು ಅಂತ ನಿಜವಾಗಿಯೂ ಹೇಳುತ್ತಿದ್ದರು.

"ಇದನ್ನ ಯಾವಾಗ ಓದಿದ್ರಿ?"

"ಹೋದ ತಿಂಗಳು."

"ಅಂದ್ರೆ ಆಡೋಕಾಗಲ್ಲ ಅಂತ ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ದಿನ ಕಾದಿದ್ದೆಯಲ್ಲ," ಅಂದರು.

ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಕೈ ಎತ್ತಿದರು, ಅದು ನನ್ನ ಬೆನ್ನ ಮೇಲೆ ಭಾರವಾಗಿ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಮರೀಬೇಡ, ಹದಿನೈದು ದಿನ ಆದ್ರೆ ತಗೊಳ್ಳಲ್ಲ," ಅಂದರು.

ಫೋನು ತೆಗೆದೆ. ಯಾಕೆ ವಾಪಸ್ ಕೊಡುತ್ತಿದ್ದೀರಿ ಅಂತ ಆಟ ಮಾರುವ ಆನ್‌ಲೈನ್ ಅಂಗಡಿ ಕೇಳಿತು. ಕೆಳಗೆ ಕಾರಣಗಳಿದ್ದವು. ಆಟ ಇಷ್ಟವಾಗಲಿಲ್ಲ. ತಪ್ಪಿ ಕೊಂಡೆ. ಬೆಲೆ ಇಳಿಯುವ ಮೊದಲೇ ಕೊಂಡುಬಿಟ್ಟೆ. ಮೂರನ್ನೂ ಎರಡು ಸಲ ಓದಿದೆ. ಇಷ್ಟವಾಗಲಿಲ್ಲ ಅನ್ನುವುದರ ಮೇಲೆ ಒತ್ತಿದೆ.

ಮಾರನೆಯ ದಿನ ಮಧ್ಯಾಹ್ನ, ಮೊಸರಿನ ಕಪಾಟಿನ ಮುಂದೆ ನಿಂತಿದ್ದಾಗ ಫೋನು ಸದ್ದು ಮಾಡಿತು. ದುಡ್ಡು ವಾಪಸ್ ಬಂದಿತ್ತು. ಬಿಡಿಗಾಸೂ ಹಿಡಿದುಕೊಂಡಿರಲಿಲ್ಲ.