ಹತ್ತಕ್ಕೆ ಒಂಬತ್ತು

ನಾಲ್ಕನೇ ಪ್ರಶ್ನೆಗೆ ಹತ್ತಕ್ಕೆ ಎರಡು ಅಂಕ ಹಾಕಿ ಮೇಡಂ ಪುಟ ತಿರುಗಿಸಿದರು. ಆದರೆ ಮನಸ್ಸು ತಡೆಯದೆ ಮತ್ತೆ ಹಿಂದಿನ ಪುಟಕ್ಕೇ ಬಂದರು.

ಪ್ರಶ್ನೆ ಹಳೆಯದೇ. ನೂರೈವತ್ತು ವರ್ಷದ ಹಿಂದಿನ ಆ ಇಂಗ್ಲಿಷ್ ಕಾದಂಬರಿಯ ನಾಯಕಿ, ತಾನು ಮೆಚ್ಚಿದ ಗಡಿಯಾರ ರಿಪೇರಿಯವನು ಮದುವೆಯಾಗೆಂದು ಕೇಳಿ ಬಂದರೆ, ಅವನನ್ನು ಎರಡು ಸಲ ಬರಿಗೈಯಲ್ಲಿ ಕಳಿಸುತ್ತಾಳೆ. ಯಾಕೆ? ಕಾಯಿಲೆಯ ತಂದೆಗಾಗಿ ಮಾಡಿದ ತ್ಯಾಗ ಎಂದಿತ್ತು ಮಾದರಿ ಉತ್ತರ. ಇಪ್ಪತ್ತೆರಡು ವರ್ಷ ಮೇಡಂ ಪಾಠ ಮಾಡಿದ್ದೂ ಹಾಗೆಯೇ. ಆ ಭಾಗವನ್ನು ಪ್ರತಿ ವರ್ಷ ಎರಡೆರಡು ಸಲ ಓದಿ ಹೇಳುತ್ತಿದ್ದರು.

ಈ ಉತ್ತರಪತ್ರಿಕೆಯಲ್ಲಿ ಯಾರೋ ಬೇರೆಯೇ ಬರೆದಿದ್ದರು: 'ತಂದೆ ಮೂರನೇ ಅಧ್ಯಾಯದಲ್ಲೇ ಎದ್ದು ಓಡಾಡುತ್ತಾನೆ. ಆದರೂ ಅವಳು ಔಷಧಿ ಅಳೆದು ಕೊಡುವುದನ್ನು ಬಿಡುವುದಿಲ್ಲ. ಅವಳಿಗೆ ಹೊಸ ಮನೆಯೆಂದರೆ ಭಯ. ಒಳ್ಳೆಯವಳು ಅನ್ನಿಸಿಕೊಳ್ಳುವ ಸುಖ ಬೇರೆ.'

ಮೇಡಂ ಪೆನ್ನು ಕೆಳಗಿಟ್ಟರು. ದೂರದ ಊರಿನ ಕಾಲೇಜೊಂದು ಅವರನ್ನು ಪ್ರಿನ್ಸಿಪಾಲರಾಗಿ ಬನ್ನಿ ಎಂದು ಕರೆಯುತ್ತಿದ್ದುದು ಇದು ಮೂರನೇ ಸಲ. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. 'ಅತ್ತಿಗೆ ಹೋದಮೇಲೆ ಅಣ್ಣನನ್ನು ನೋಡಿಕೊಳ್ಳುವವರು ಯಾರು' ಎಂದು ಎರಡು ಸಲ ತಲೆತಗ್ಗಿಸಿ ಹೇಳಿದ್ದರು. ಕೇಳಿದವರು ಎರಡು ಸಲವೂ ಹೊಗಳಿದ್ದರು. ಅಣ್ಣನೋ, ದಿನಾ ಬೆಳಿಗ್ಗೆ ಆರು ಮೈಲಿ ನಡೆಯುವ, ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುವ ಗಟ್ಟಿ ಆಸಾಮಿ.

ಅವರು ಎರಡನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದರು.

ಪತ್ರಿಕೆ ತಮ್ಮ ಮೇಜಿಗೆ ಬಂದಾಗ ಮುಖ್ಯ ಮೌಲ್ಯಮಾಪಕರು ಕನ್ನಡಕ ಮೇಲೇರಿಸಿದರು. "ಏನ್ ಮೇಡಂ ಇದು? ಮಾದರಿ ಉತ್ತರದಲ್ಲಿ ಈ ಮಾತೇ ಇಲ್ವಲ್ಲ."

"ಕಾದಂಬರೀಲಿ ಇದೆ ಸರ್. ಮೂರನೇ ಅಧ್ಯಾಯ ತೆಗೆದು ನೋಡಿ. ನಾನೂ ಇಷ್ಟು ವರ್ಷ ಕಣ್ಣು ಮುಚ್ಕೊಂಡೇ ಓದಿದ್ದೆ."

"ನಾಳೆ ಯಾರಾದ್ರೂ ಕೇಳಿದ್ರೆ?"

"ನನ್ನ ಹತ್ರ ಕಳಿಸಿ. ಕಾರಣ ಬರೆದು ಸಹಿ ಹಾಕ್ತೀನಿ."

ಮೇಡಂ ಬರೆದ ಕಾರಣವನ್ನು ಎರಡು ಸಲ ಓದಿ, ಏನೋ ಗೊಣಗಿ, ಮುಖ್ಯ ಮೌಲ್ಯಮಾಪಕರು ತಾವೂ ರುಜು ಹಾಕಿದರು.

ಊಟದ ಬಿಡುವಿನಲ್ಲಿ ಮೇಡಂ ವರಾಂಡಕ್ಕೆ ಬಂದು, ಆ ಕಾಲೇಜಿಗೆ ಫೋನ್ ಮಾಡಿ ಬರುತ್ತೇನೆ ಎಂದರು. ಆಮೇಲೆ ಅಣ್ಣನಿಗೆ ಮಾಡಿದರು.

"ಅಣ್ಣಾ, ಆ ಕೆಲಸ ಒಪ್ಕೊಂಡೆ. ಮುಂದಿನ ತಿಂಗಳು ಹೊರಡ್ತೀನಿ."

ಬೈಗುಳಕ್ಕೋ ನಿಟ್ಟುಸಿರಿಗೋ ಮೇಡಂ ಸಿದ್ಧರಾದರು.

"ಬದುಕ್ಕೊಂಡೆ ಕಣೇ," ಎಂದ ಅಣ್ಣ. "ಮಗಳು ತನ್ನ ಮನೆಗೆ ಬಾ ಬಾ ಅಂತ ಆರು ವರ್ಷದಿಂದ ಕರೀತಿದಾಳೆ. ನೀನೊಬ್ಬಳೇ ಆಗ್ಬಿಡ್ತೀಯ ಅಂತ ನಾನು ಇಲ್ಲೇ ಬಿದ್ದಿದ್ದೆ."

ಮೇಡಂಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.

ಕೆಳಗೆ ಮೈದಾನದಲ್ಲಿ ಒಬ್ಬಾತ ಓಟದ ಪಂದ್ಯಕ್ಕೆ ಸುಣ್ಣದ ಪುಡಿಯ ಗೆರೆ ಎಳೆಯುತ್ತಿದ್ದ. ಕೊನೆ ಮುಟ್ಟಿದಮೇಲೆ ಸೊಂಟ ನೆಟ್ಟಗೆ ಮಾಡಿ, ತಾನು ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿ, ಪಕ್ಕದ ಗೆರೆಗೆ ಬಗ್ಗಿದ.