ತಾಹೆರಾ ಹಾಕಿದ ರಂಗೋಲಿ

ವನಿತಾ ಬಕೆಟ್ ನೀರನ್ನು ಒಮ್ಮೆಲೇ ಸುರಿದು, ಪೊರಕೆ ಹಿಡಿದು ಉಜ್ಜತೊಡಗಿದಳು. ಪಕ್ಕದ ಮನೆ ದ್ರೌಪದಮ್ಮನ ಗೇಟಿನ ಮುಂದೆ ನಿನ್ನೆಯ ರಂಗೋಲಿ ಹಾಗೇ ಉಳಿದಿತ್ತು. ಸಾವಾದ ಮನೆ ಮುಂದೆ ರಂಗೋಲಿ ಇರಕೂಡದು. ಪೋಸ್ಟ್‌ಮಾರ್ಟಂ ಮುಗಿಸಿ ದ್ರೌಪದಮ್ಮನ ಹೆಣ ತರುತ್ತಿರುವ ಆಂಬುಲೆನ್ಸ್ ಹೆಬ್ಬಾಳ ದಾಟಿದೆ ಎಂದು ಆಗತಾನೆ ಫೋನ್ ಬಂದಿತ್ತು.

"ಯಾರಮ್ಮ ಇಷ್ಟು ಸೊಟ್ಟಗೆ ಹಾಕಿರೋದು?" ಎಂದರು ಮಣ್ಣಿಗೆ ಬಂದಿದ್ದ ನೆಂಟರೊಬ್ಬರು.

"ಯಾರೋ ಹಾಕಿದಾರೆ ಬಿಡಿ," ಎಂದಳು ವನಿತಾ, ತಲೆ ಎತ್ತದೆ.

ಕೊಡಿಗೇಹಳ್ಳಿಯ ಆ ಗಲ್ಲಿಯಲ್ಲಿ ಅದು ಯಾರ ಕೈ ಎಂದು ತಿಳಿಯದವರಿರಲಿಲ್ಲ. ಎದುರು ಮನೆಯ ತಾಹೆರಾ ತನ್ನ ಬಾಗಿಲಲ್ಲಿ ನಿಂತು, ಬಿಳಿ ನೀರು ಮೋರಿಗೆ ಇಳಿಯುವುದನ್ನು ನೋಡುತ್ತಿದ್ದಳು. ಹಾಕಿದವಳು ಅವಳೇ.

*

ದ್ರೌಪದಮ್ಮ ಯಶವಂತಪುರದ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಶರಟಿನ ಕಾಲರ್ ಹೊಲಿದವಳು. ಗಂಡ ಅನಂತರಾಜು ತೀರಿಕೊಂಡ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ, ಏಳಲು ಆಗುತ್ತಿಲ್ಲ ಅಷ್ಟೇ. ಡಾಕ್ಟರು ಡಿಪ್ರೆಶನ್ ಎಂದರು, ಮಾತ್ರೆ ಬರೆದುಕೊಟ್ಟರು, ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದರು. ಕೊನೆಯದನ್ನು ಚೀಟಿಯಲ್ಲಿ ಬರೆಯಲಿಲ್ಲವಾದ್ದರಿಂದ ಅದು ಯಾರಿಗೂ ನೆನಪುಳಿಯಲಿಲ್ಲ.

ಒಳ್ಳೆಯ ದಿನಗಳಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಆರಕ್ಕೆಲ್ಲ ಎದ್ದು ನೀರು ಚೆಲ್ಲಿ ಹದಿನೈದು ಚುಕ್ಕಿಯ ರಂಗೋಲಿ ಹಾಕುವಳು. ಮಧ್ಯಾಹ್ನ ತಾಹೆರಾಳ ಜಗಲಿಯಲ್ಲಿ ಕೂತು ಇಬ್ಬರೂ ಸೀರೆ ಕೆಲಸ ಮಾಡುವರು. ಫಾಲ್ ಹೊಲಿಯುವುದು ದ್ರೌಪದಮ್ಮ, ಕುಚ್ಚು ಕಟ್ಟುವುದು ತಾಹೆರಾ. ಕೆಟ್ಟ ದಿನಗಳಲ್ಲಿ ಗೇಟಿನ ಮುಂದೆ ನೆಲ ಖಾಲಿ. ಖಾಲಿ ನೆಲ ಕಂಡರೆ ಸಾಕು, ಗಲ್ಲಿಯವರು ಒಬ್ಬೊಬ್ಬರಾಗಿ ಬಂದು ಬಾಗಿಲು ಬಡಿಯುವರು. ಮತ್ತೆ ಶುರುವಾಯ್ತಾ, ದೇವಸ್ಥಾನಕ್ಕಾದ್ರೂ ಹೋಗು, ಮನಸ್ಸು ಗಟ್ಟಿ ಮಾಡ್ಕೋ.

"ಗಟ್ಟಿ ಮಾಡೋಕೆ ಅದೇನ್ ರಾಗಿ ಮುದ್ದೇನಾ?" ಎಂದು ದ್ರೌಪದಮ್ಮ ಒಮ್ಮೆ ಸೂಜಿ ನಿಲ್ಲಿಸಿ ಕೇಳಿದ್ದಳು. "ಇವ್ರಿಗೆಲ್ಲ ಉತ್ತರ ಕೊಡೋದ್ರಲ್ಲೇ ಸುಸ್ತಾಗೋಗ್ತೀನಿ ಕಣೇ ತಾಹೆರಾ."

ಮುಂದಿನ ವಾರ ನೆಲ ಖಾಲಿ ಕಂಡಾಗ, ಗಲ್ಲಿ ಏಳುವ ಮುನ್ನವೇ ತಾಹೆರಾ ಹೋಗಿ ಕೂತಳು. ಜೀವಮಾನದಲ್ಲಿ ರಂಗೋಲಿ ಹಾಕಿದವಳಲ್ಲ. ನಾಲ್ಕು ಚುಕ್ಕಿ ಇಟ್ಟು ಗೆರೆ ಎಳೆದರೆ ಎಲ್ಲವೂ ಬಲಕ್ಕೆ ವಾಲಿದವು.

"ಅದೇನ್ ಬರೆದಿದ್ದೆ, ಏಡಿನಾ?" ಎಂದಳು ದ್ರೌಪದಮ್ಮ ಎರಡು ದಿನ ಬಿಟ್ಟು ಎದ್ದಾಗ. ಅಂದಿನಿಂದ ರಂಗೋಲಿ ಡಬ್ಬಿಯನ್ನು ಗೇಟಿನ ಪಕ್ಕದ ಗೂಡಿನಲ್ಲೇ ಇಟ್ಟಳು.

ಹೀಗೆ ಹನ್ನೆರಡು ವರ್ಷ ನಡೆಯಿತು. ರಂಗೋಲಿ ಸೊಟ್ಟಗಿದ್ದರೆ ಇವತ್ತು ಅಕ್ಕನಿಗೆ ಆಗುತ್ತಿಲ್ಲ ಎಂದು ಗಲ್ಲಿ ತಾನಾಗಿ ಕಲಿತುಕೊಂಡಿತು. ಸೊಪ್ಪಿನವನು ಆ ಮನೆ ಮುಂದೆ ಕೂಗದೆ ಗಾಡಿ ತಳ್ಳಿದ. ವನಿತಾ ಟೀವಿಯ ಸದ್ದು ತಗ್ಗಿಸಿದಳು. ಯಾರೂ ಬಾಗಿಲು ಬಡಿಯಲಿಲ್ಲ. ಅದನ್ನು ಎಲ್ಲರೂ ಉಪಕಾರವೆಂದೇ ತಿಳಿದಿದ್ದರು, ದ್ರೌಪದಮ್ಮನೂ ಸಹ.

*

ಹತ್ತೂವರೆಗೆ ಹೆಣ ಇಳಿಸಿದರು. ಮಗಳು ತೇಜಸ್ವಿನಿ ಲ್ಯಾಬಿನ ಯೂನಿಫಾರ್ಮಿನಲ್ಲೇ ಇದ್ದಳು. ನಿನ್ನೆ ಬೆಳಗಿನ ಪಾಳಿ ಮುಗಿಸಿ ಯಲಹಂಕದಿಂದ ಎರಡೂವರೆಗೆ ಮನೆಗೆ ಬಂದಾಗ, ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿರುವುದನ್ನು ಕಂಡವಳು ಅವಳೇ.

ಸ್ಕೂಲ್ ವ್ಯಾನ್ ಓಡಿಸುವ, ದ್ರೌಪದಮ್ಮನ ತಮ್ಮ ರಾಮಕೃಷ್ಣಪ್ಪ ಅಕ್ಕನ ಕಾಲ ಬಳಿ ಕುಳಿತಿದ್ದ. "ದಿನಾ ಇದೇ ರಸ್ತೇಲಿ ಓಗ್ತಿದ್ದೆ. ರಂಗೋಲಿ ಕಾಣ್ಸೋದು. ಅಕ್ಕ ಎದ್ದವ್ಳೆ, ಚೆನ್ನಾಗವ್ಳೆ ಅಂದ್ಕೊಂಡು ಗೇರ್ ಆಕ್ತಿದ್ದೆ. ವಾಸಿ ಆಗೋಯ್ತು ಅಂತ್ಲೇ ತಿಳ್ಕೊಂಡಿದ್ದೆ."

"ಅಣ್ಣ, ಡಾಕ್ಟ್ರು ಏನಂದ್ರು?" ವನಿತಾ ಕೇಳಿದಳು.

"ಆರ್ಟ್ ಅಟ್ಯಾಕು. ಒಂಬತ್ತು ಗಂಟೆ ಒತ್ತಿಗೆ ಓಗಿರ್ಬೇಕು ಅಂದ್ರು. ಬೆಳಿಗ್ಗೆಯಿಂದ್ಲೇ ನೋವಿತ್ತೇನೋ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಒಬ್ರು, ಒಬ್ರೇ ಒಬ್ರು ಬಾಗ್ಲು ತಟ್ಟಿದ್ದಿದ್ರೆ."

ಗಲ್ಲಿಯ ಹೆಂಗಸರು ಸೆರಗು ಸರಿಮಾಡಿಕೊಂಡರು. ಯಾರೂ ತಾಹೆರಾಳ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.

*

ನಿನ್ನೆ ಆರೂ ಮುಕ್ಕಾಲಿಗೆ ನೆಲ ಖಾಲಿಯಿತ್ತು. ತಾಹೆರಾ ನಾಲ್ಕು ಚುಕ್ಕಿ ಇಟ್ಟು, ಗೆರೆ ಎಳೆದು, ಕೈ ಕೊಡವಿಕೊಂಡು ವಾಪಸಾದಳು. ಮದುವೆಮನೆಯವರ ಏಳು ಸೀರೆಗಳಿಗೆ ಸಂಜೆಯೊಳಗೆ ಕುಚ್ಚು ಕಟ್ಟಿಕೊಡಬೇಕಿತ್ತು.

ಎಂಟೂಕಾಲಿಗೆ ತೇಜಸ್ವಿನಿಯ ಫೋನ್. "ಆಂಟಿ, ಅಮ್ಮ ಫೋನ್ ಎತ್ತಿಲ್ಲ. ಸ್ವಲ್ಪ ನೋಡ್ತೀರಾ?"

"ನೋಡ್ದೆ ಕಣಮ್ಮ, ಮಲಗವ್ಳೆ. ಮಲಗ್ಲಿ ಬಿಡು."

ನೋಡಿರಲಿಲ್ಲ. ಹಾಗೆ ನೋಡದೆ ಹೇಳಿದ್ದು ಅದೇ ಮೊದಲಲ್ಲ. ನೂರಾರು ಸಲ ಹೇಳಿದ್ದಳು, ನೂರಾರು ಸಲವೂ ಅದು ನಿಜವೇ ಆಗಿತ್ತು.

*

ಮಣ್ಣು ಮುಗಿಸಿ ಬಂದವರು ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಟರು. ರಾಮಕೃಷ್ಣಪ್ಪ ಶೆಟ್ಟಿಹಳ್ಳಿಯ ತನ್ನ ಮನೆಗೆ ಬಾ ಎಂದು ಸೊಸೆಯನ್ನು ಕರೆದ. ದೀಪ ಆರಬಾರದು ಎಂದು ತೇಜಸ್ವಿನಿ ಹೋಗಲಿಲ್ಲ. ಆ ಮನೆಯಲ್ಲಿ ಈಗ ಅವಳೊಬ್ಬಳೇ.

ಇನ್ನೂ ಬಿಸಿಲಿತ್ತು. ತಾಹೆರಾ ಅನ್ನ ಸಾರಿನ ಡಬ್ಬಿ ಹಿಡಿದು ಗೇಟಿನಾಚೆ ನಿಂತು ಕರೆದಳು. ತೇಜಸ್ವಿನಿ ಬಾಗಿಲಿಗೆ ಬಂದಳು.

"ತೇಜು, ನಿನ್ನೆ ನಾನು ನೋಡಿರ್ಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ. ಗೇಟಿಂದಾನೇ ವಾಪಸ್ ಹೋಗಿದ್ದೆ."

"ನಾನು ಫೋನ್ ಮಾಡಿದ್ದು ಎಂಟೂಕಾಲಿಗೆ."

"ಹೂಂ."

"ಅಮ್ಮ ಹೋಗಿದ್ದು ಒಂಬತ್ತಕ್ಕೆ."

"ಹೂಂ ಕಣಮ್ಮ."

ಕೂಗಾಡಿದ್ದರೆ ತಾಹೆರಾ ನಿಂತು ಕೇಳುತ್ತಿದ್ದಳು. ತೇಜಸ್ವಿನಿ ಕೂಗಾಡಲಿಲ್ಲ. "ನಂಗೆ ಊಟ ಬೇಡ ಆಂಟಿ. ಯಾರೂ ಬರೋದು ಬೇಡ. ಬಿಟ್ಬಿಡಿ ನನ್ನ," ಎಂದಳು. ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದಾಯಿತು.

"ಬಾ ತಾಹೆರಾ," ಎಂದಳು ವನಿತಾ ತನ್ನ ಮನೆ ಮೆಟ್ಟಿಲಿನಿಂದ, ಮೆಲ್ಲಗೆ. "ಇವತ್ತು ಅವಳ ಪಾಡಿಗೆ ಅವಳನ್ನ ಬಿಡೋಣ."

ತಾಹೆರಾ ತಿರುಗಿದಳು. ಬೆಳಿಗ್ಗೆ ತೊಳೆದ ನೆಲ ಒಣಗಿತ್ತು. ಒದ್ದೆಯಲ್ಲಿ ಕಾಣದಿದ್ದ ಪುಡಿ ಸಿಮೆಂಟಿನ ಸಂದುಗಳಲ್ಲಿ ಹಾಗೇ ಕೂತಿತ್ತು. ನಾಲ್ಕು ಚುಕ್ಕಿ, ಸುತ್ತ ಬಲಕ್ಕೆ ವಾಲಿದ ಗೆರೆಗಳು, ಎಲ್ಲವೂ ಮಸುಕಾಗಿ ಮತ್ತೆ ಕಾಣುತ್ತಿದ್ದವು. ಹನ್ನೆರಡು ವರ್ಷ ಅವಳು ಅಲ್ಲಿಂದಲೇ ಎದ್ದು ಮನೆಗೆ ಹೋಗಿದ್ದಳು.

ಅವಳು ಅದರ ಮೇಲೆ ಕಾಲಿಟ್ಟು ದಾಟಿದಳು. ಗೇಟು ತೆಗೆದು ಒಳಗೆ ಹೋಗಿ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಗಲ್ಲಿಗೆಲ್ಲ ಕೇಳುವಂತೆ, ಎರಡೂ ಕೈಯಿಂದ ಮತ್ತೆ ತಟ್ಟತೊಡಗಿದಳು.