ನಾನೂರ ಹದಿನೇಳರ ಜಾಕೆಟ್

ಅಂಗಡಿಯ ಗಾಜಿನ ಹಿಂದೆ ಸಾಲಾಗಿ ತೂಗುತ್ತಿದ್ದ ಪೊಲೀಸ್ ಸಮವಸ್ತ್ರಗಳು ಹದಿನೈದು ದಿನಗಳಿಂದ ಪರದೆಯ ಹಿಂದೆ ಅಡಗಿ ಕುಳಿತಿದ್ದವು. ಅಡಗಿಸಿದವಳು ಟೈಲರಕ್ಕನೇ. ಠಾಣೆಯಿಂದ ಮೂರನೆಯ ಅಂಗಡಿ ಅವಳದು. ಠಾಣೆಯ ಅರ್ಧದಷ್ಟು ಜನರ ಎದೆ, ಸೊಂಟ, ತೋಳಿನ ಅಳತೆ ಅವಳಿಗೆ ಬಾಯಿಪಾಠ. ಯಾರಿಗೆ ಬಡ್ತಿ ಸಿಗುತ್ತದೆಂದು ಆದೇಶ ಬರುವ ಮೊದಲೇ ಅವಳು ಹೊಟ್ಟೆ ನೋಡಿ ಹೇಳುತ್ತಾಳೆಂದು ಬೀದಿಯವರು ನಗುತ್ತಿದ್ದರು. ಅವಳ ಅಳತೆ ಪುಸ್ತಕದಲ್ಲಿ ಪೊಲೀಸರಿಗೆ ಹೆಸರಿರಲಿಲ್ಲ. ಎದೆಯ ಮೇಲಿನ ನಂಬರೇ ಹೆಸರು.

ಹದಿನೈದು ದಿನಗಳ ಕೆಳಗೆ ತರಕಾರಿ ಮಾರುಕಟ್ಟೆಯಲ್ಲಿ ಜನ ಇಬ್ಬರು ಪೊಲೀಸರನ್ನು ಅಟ್ಟಾಡಿಸಿ ಹೊಡೆದರು. ಒಬ್ಬ ಪಕ್ಕೆಲುಬು ಮುರಿದುಕೊಂಡು ಇನ್ನೂ ಆಸ್ಪತ್ರೆಯಲ್ಲಿದ್ದ. ಅಂದಿನಿಂದ ಪೊಲೀಸರು ಮಾಮೂಲಿ ಬಟ್ಟೆಯಲ್ಲಿ ಬರುತ್ತಿದ್ದರು, ಹೊಲಿದ ಸಮವಸ್ತ್ರವನ್ನು ತರಕಾರಿ ಚೀಲಕ್ಕೆ ತುರುಕಿಕೊಂಡು, ಕದ್ದ ಮಾಲು ಸಾಗಿಸುವವರಂತೆ ಅತ್ತಿತ್ತ ನೋಡುತ್ತ ಹೋಗುತ್ತಿದ್ದರು.

ಆ ಮಧ್ಯಾಹ್ನ ಬೇಕರಿಯವನ ಹೆಂಡತಿ ಮಗಳ ಶಾಲೆಯ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದಳು. ಪರದೆಯ ಸಂದಿಯಲ್ಲಿ ಕಂಡ ಖಾಕಿಯ ಮೇಲೆ ಅವಳ ಕಣ್ಣು ಬಿತ್ತು.

"ಇನ್ನೂ ಅವರಿಗೆ ಹೊಲೀತೀಯಾ ಅಕ್ಕ?"

"ನಾನು ಬಟ್ಟೆ ಹೊಲಿಯೋಳು. ಯಾರ ಮೈಮೇಲೆ ಹೋಗತ್ತೆ ಅಂತ ಸೂಜಿ ಕೇಳಲ್ಲ."

"ಸೂಜಿ ಕೇಳದಿದ್ರೆ ಜನ ಕೇಳ್ತಾರೆ. ಮಾರ್ಕೆಟ್ಟಿನ ವಿಡಿಯೋ ನೋಡಿದ್ಯಾ? ನಮ್ಮನೆಯವರು ಮೂರು ಸಲ ಹಾಕ್ಕೊಂಡು ನೋಡಿದ್ರು. ಮಾಡಿದ್ದುಣ್ಣೋ ಮಹರಾಯ ಅಂತ ಒಂದೇ ಸಮ ನಗು."

ಅಂಗಡಿಯ ಮೂಲೆಯಲ್ಲಿ ಕುಳಿತು ಬ್ಯಾಗಿನ ಜಿಪ್ ಸರಿಮಾಡುತ್ತಿದ್ದ ಟೈಲರಕ್ಕನ ತಮ್ಮ ತಲೆಯೆತ್ತಲಿಲ್ಲ, ಆದರೆ ಅವನ ತುಟಿಯ ಒಂದು ತುದಿ ಮೇಲೇರಿತು. ಅವನು ಚಪ್ಪಲಿ, ಬ್ಯಾಗು ರಿಪೇರಿ ಮಾಡುವವನು. ಎರಡು ತಿಂಗಳ ಹಿಂದಿನವರೆಗೆ ಎದುರಿನ ಫುಟ್‌ಪಾತಿನಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಫುಟ್‌ಪಾತ್ ತೆರವು ಮಾಡಲು ಬಂದ ದಿನ ಒಬ್ಬ ಪೊಲೀಸ್ ಆ ಪೆಟ್ಟಿಗೆಯನ್ನು ಒದ್ದ. ಚೆಲ್ಲಿದ ಸಾಮಾನು ಬಾಚಿಕೊಳ್ಳಲು ಹೋದ ಎಡಗೈ ಮೇಲೆ ಲಾಠಿ ಬಿತ್ತು. ಉಂಗುರದ ಬೆರಳು ಸೊಟ್ಟಗೆ ಕೂಡಿಕೊಂಡಿತು. ಠಾಣೆಗೆ ದೂರು ಕೊಡಲು ಹೋದರೆ ಬರೆದುಕೊಳ್ಳುವವನು ಕೇಳಿದ್ದು ಒಂದೇ: "ಹೊಡೆದೋನ ನಂಬರ್ ಹೇಳು."

ನಂಬರ್ ಎಲ್ಲಿಂದ ಹೇಳುವುದು? ಮುಖಕ್ಕೆ ಹೆಲ್ಮೆಟ್ಟು, ಎದೆಯ ನಂಬರನ್ನು ಮುಚ್ಚಿದ ದಪ್ಪ ಜಾಕೆಟ್ಟು. ತಮ್ಮನಿಗೆ ಕಂಡಿದ್ದು ಬೂಟು ಮಾತ್ರ. ಎಡಗಾಲಿನ ಹಿಮ್ಮಡಿ ಹೊರಮಗ್ಗುಲಿಗೆ ಸವೆದ, ಮೂತಿಗೆ ಯಾರೋ ಕೆಲಸ ಬಾರದವನು ಬಿಳಿ ದಾರದಲ್ಲಿ ಹೊಲಿಗೆ ಹಾಕಿದ ಕರಿ ಬೂಟು. ಅದನ್ನು ಹೇಳಿದಾಗ ಠಾಣೆಯಲ್ಲಿ ನಕ್ಕರು. "ಬೂಟಿನ ಮೇಲೆ ಕೇಸ್ ಹಾಕಕ್ಕಾಗತ್ತೇನಯ್ಯಾ?" ದೂರಿನ ಕಾಗದವನ್ನು ಅವನು ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟ. ಅಂದಿನಿಂದ ಅಕ್ಕನ ಅಂಗಡಿಯ ಮೂಲೆಯೇ ಅವನ ಫುಟ್‌ಪಾತು.

ಬೇಕರಿಯವಳು ಹೋದ ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ದೊಡ್ಡ ಚೀಲ ಹೊತ್ತು ಒಳಗೆ ಬಂದಳು. ಅಳತೆ ಪುಸ್ತಕದ ನಾನೂರ ಹದಿನೇಳು. ಪೊಲೀಸ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಚೀಲದಿಂದ ಅವಳು ತೆಗೆದದ್ದು ಗಲಭೆಯ ದಿನ ತೊಡುವ ದಪ್ಪ ಜಾಕೆಟ್ಟು, ಹಿಂದೆ ಮುಂದೆ ಗಟ್ಟಿ ಹಲಗೆಯಂಥ ಪದರ ಇದ್ದದ್ದು.

"ಅಕ್ಕ, ಇದನ್ನ ಬಿಗಿ ಮಾಡ್ಕೊಡ್ತೀರಾ? ನಾಳೆ ಬೆಳಿಗ್ಗೆಗೆ ಬೇಕು."

ಹಾಕಿಕೊಂಡು ತೋರಿಸು ಎಂದಳು ಟೈಲರಕ್ಕ. ಹುಡುಗಿ ಹಾಕಿಕೊಂಡಳು. ಗಂಡಸರ ಅಳತೆಗೆ ಮಾಡಿದ ಜಾಕೆಟ್ಟು ಅವಳ ಮೈಮೇಲೆ ತೊಟ್ಟಿಯಂತೆ ನಿಂತಿತು. ಎರಡೂ ಕಂಕುಳ ಕೆಳಗೆ ಒಂದೊಂದು ಗೇಣು ಖಾಲಿ. ಪಕ್ಕದ ಪಟ್ಟಿಗಳ ವೆಲ್ಕ್ರೋ ಸವೆದು, ಎಳೆದು ಅಂಟಿಸಿದರೆ ಎರಡು ಹೆಜ್ಜೆಗೆ ಬಿಟ್ಟುಕೊಳ್ಳುತ್ತಿತ್ತು.

"ಇದೊಂದೇ ಅಳತೆ ಬರೋದು. ಸಣ್ಣದು ಬೇಕು ಅಂತ ಬರೆದುಕೊಟ್ಟು ಒಂದು ವರ್ಷ ಆಯ್ತು. ಆಸ್ಪತ್ರೇಲಿ ಇದಾರಲ್ಲ, ಮಾರ್ಕೆಟ್ಟಲ್ಲಿ ಅವರಿಗೆ ಕಲ್ಲು ಬಿದ್ದಿದ್ದು ಇಲ್ಲೇ." ಅವಳು ತನ್ನ ಪಕ್ಕೆ ಮುಟ್ಟಿ ತೋರಿಸಿದಳು. "ನಾಳೆ ಬೀದಿ ವ್ಯಾಪಾರಿಗಳ ಮೆರವಣಿಗೆ. ನಗರಸಭೆ ಗೇಟಲ್ಲಿ ಮೊದಲನೇ ಸಾಲಲ್ಲಿ ನಿಲ್ಲಿಸ್ತಾರಂತೆ ನನ್ನ."

ಆ ಮೆರವಣಿಗೆಗೆ ಟೈಲರಕ್ಕನ ಮನೆಯಿಂದ ಹೊರಡುವವನು ಮೂಲೆಯಲ್ಲೇ ಕುಳಿತಿದ್ದ. ಅವಳು ಜಾಕೆಟ್ಟು ಬಿಚ್ಚಿಸಿಕೊಂಡು ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಪೆಡಲ್ ತುಳಿದಳು. ಟಕ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು.

"ಇದು ಯಂತ್ರಕ್ಕೆ ಬಗ್ಗೋದಲ್ಲ," ಎಂದು ತಮ್ಮನ ಕಡೆ ನೋಡಿದಳು. "ನಿನ್ನ ದಬ್ಬಳ ಕೊಡೋ."

"ಕೊಡಲ್ಲ."

ಬ್ಯಾಗು ಕೆಳಗಿಟ್ಟು ಅವನು ಹುಡುಗಿಯ ಕಡೆ ತಿರುಗಿದ. "ನಾಳೆ ನಾನೂ ಅಲ್ಲೇ ಇರ್ತೀನಿ ಮೇಡಂ, ನಿಮ್ಮ ಎದುರಿಗೆ. ನನ್ನ ಬೆರಳು ಮುರಿದ ಜಾಕೆಟ್ಟನ್ನ ನಾನೇ ಹೊಲೀಬೇಕಾ?"

"ನೀವು ಕಲ್ಲು ಹೊಡೀತೀರಾ?"

"ಇಲ್ಲ."

"ಹೊಡೆಯೋರು ಇರ್ತಾರಾ?"

ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ಇರ್ತಾರೆ."

"ನಾನು ಇದುವರೆಗೂ ಯಾರ ಮೇಲೂ ಲಾಠಿ ಎತ್ತಿಲ್ಲ. ಎತ್ತೋರು ಇರ್ತಾರಾ ಅಂತ ನೀವು ಕೇಳಿದ್ರೆ, ನಾನೂ ಇರ್ತಾರೆ ಅಂತಲೇ ಹೇಳ್ಬೇಕು. ಅದಕ್ಕೆ ನನ್ನ ಪಕ್ಕೆ ಮುರೀಬೇಕಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದಳು ಟೈಲರಕ್ಕ, ಯಾರನ್ನೂ ನೋಡದೆ. "ಅವತ್ತು ನಿಂಗೆ ಬಿದ್ದಿದ್ದೂ ಅದೇ ಬರೆ ಕಣೋ. ತೆರವು ಮಾಡೋರ ಜೊತೆ ಗಲಾಟೆ ಮಾಡಿದ ತಳ್ಳುಗಾಡಿಯವನು ಯಾರೋ, ಬೆರಳು ನಿಂದು."

ತಮ್ಮ ಗೊಣಗುತ್ತ ಮತ್ತೆ ಜಿಪ್ಪಿಗೆ ಕೈಹಾಕಿದ. ಟೈಲರಕ್ಕ ಟೇಪು ಹಿಡಿದು ಹುಡುಗಿಯ ಎದೆಯ ಸುತ್ತ ಸುತ್ತಿದಳು. ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ ಅವಳದೊಂದು ಪದ್ಧತಿ ಇತ್ತು. ಉಸಿರನ್ನು ಪೂರ್ತಿ ಎಳೆದುಕೊಂಡು ನಿಲ್ಲಬೇಕು, ಆಗಲೇ ಟೇಪು ಬಿಗಿಯುವುದು. ಸುಮ್ಮನೆ ನಿಂತವರ ಅಳತೆಗೆ ಹೊಲಿದ ಅಂಗಿ ಓಡುವಾಗ ಹರಿಯುತ್ತದೆ.

"ಉಸಿರು ತಗೊ."

ಹುಡುಗಿ ತೆಗೆದುಕೊಂಡಳು. ಟೈಲರಕ್ಕ ಸೀಮೆಸುಣ್ಣದಿಂದ ಜಾಕೆಟ್ಟಿನ ಮೇಲೆ ಗೆರೆ ಎಳೆದಳು. ಅವಳಿಗೂ ಆತಂಕ, ಕೈ ಆತುರದಲ್ಲಿತ್ತು. ಇಲ್ಲದಿದ್ದರೆ ಅಷ್ಟು ವರ್ಷದ ಕಸುಬುಗಾರ್ತಿ ಅಂಥ ತಪ್ಪು ಮಾಡುತ್ತಿರಲಿಲ್ಲ.

"ಅಕ್ಕ, ಆ ಗೆರೆ ಅಳಿಸು," ಎಂದ ತಮ್ಮ ಕುಳಿತಲ್ಲಿಂದಲೇ. "ಅವರು ಉಸಿರೇ ತಗೊಂಡಿಲ್ಲ. ಭುಜ ಮೇಲಕ್ಕೆ ಹೋಯ್ತು ಅಷ್ಟೆ, ಎದೆ ತುಂಬ್ಲಿಲ್ಲ. ಹೆದರಿದೋರ ಉಸಿರು ಗಂಟಲಲ್ಲೇ ನಿಂತಿರತ್ತೆ."

ಅವನಿಗೆ ಅದು ಗೊತ್ತಿತ್ತು. ಲಾಠಿ ಬಿದ್ದ ಮೇಲೆ ಒಂದು ವಾರ ಅವನ ಉಸಿರೂ ಅಲ್ಲೇ ನಿಂತಿತ್ತು.

ತಮ್ಮ ಎದ್ದುಬಂದ. ಪೆಟ್ಟಿಗೆಯಿಂದ ದಬ್ಬಳ, ಮೇಣ ಹಚ್ಚಿದ ದಾರ ತಂದು ಕೌಂಟರಿನ ಮೇಲಿಟ್ಟ. "ಹೊಲೀತೀನಿ. ಆದ್ರೆ ಒಂದು ಮಾತು. ನಿಮ್ಮ ನಂಬರ್ ಜಾಕೆಟ್ಟಿನ ಮೇಲೆ ಬರ್ಬೇಕು, ಎಲ್ಲರಿಗೂ ಕಾಣೋ ಹಾಗೆ."

ಹುಡುಗಿ ಹಿಂದೆ ಸರಿದಳು. "ನಂಬರ್ ಅಂಗಿ ಮೇಲೆ ಇರತ್ತೆ. ಜಾಕೆಟ್ಟಿನ ಮೇಲೆ ಹಾಕಿ ಅಂತ ಮೇಲಿನೋರು ಹೇಳಿಲ್ಲ."

"ಬೇಡ ಅಂತ ಹೇಳಿದಾರಾ?"

"ಅದೂ ಇಲ್ಲ. ಆದ್ರೆ ಅಣ್ಣ, ಮಾರ್ಕೆಟ್ ಗಲಾಟೆ ಆದ್ಮೇಲೆ ಒಬ್ಬರ ನಂಬರ್ ಹಿಡಿದು ಮನೆ ಹುಡುಕಿ ಬಾಗಿಲ ಮೇಲೆ ಬೈಗುಳ ಬರೆದು ಹೋಗಿದಾರೆ. ನಮ್ಮಮ್ಮ ಮನೇಲಿ ಒಬ್ಬಳೇ ಇರ್ತಾಳೆ. ನನ್ನ ಯೂನಿಫಾರಂ ಈಗ ಹೊರಗೆ ಒಣಹಾಕಲ್ಲ, ಫ್ಯಾನಿನ ಕೆಳಗೆ ಹಾಕ್ತಾಳೆ. ದಿನಾ ಹಸಿ ಅಂಗೀಲೇ ಡ್ಯೂಟಿಗೆ ಹೋಗ್ತೀನಿ."

ಅತ್ತ ದರಿ, ಇತ್ತ ಪುಲಿ. ನಂಬರ್ ಇದ್ದರೆ ಅವಳಿಗೆ ಭಯ, ಇಲ್ಲದಿದ್ದರೆ ಅವನಿಗೆ ಭಯ.

"ನೀವು ಲಾಠಿ ಎತ್ತೋರಲ್ಲ ಅಂದ್ರಲ್ಲ," ತಮ್ಮನ ದನಿ ಈಗ ಮೆತ್ತಗಾಗಿತ್ತು. "ನಾಳೆ ಗೇಟಲ್ಲಿ ಐವತ್ತು ಜಾಕೆಟ್ಟು ನಿಂತಿರತ್ತೆ. ಅದರಲ್ಲಿ ನೀವು ಯಾರು, ನನ್ನ ಪೆಟ್ಟಿಗೆ ಒದ್ದೋನು ಯಾರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಹುಡುಗಿ ಸೀಮೆಸುಣ್ಣದ ತಪ್ಪು ಗೆರೆಯನ್ನು ಅಂಗೈಯಿಂದ ಒರೆಸಿದಳು. "ದೊಡ್ಡದಾಗೇ ಹಾಕಿ ಅಕ್ಕ. ಹಾಕೋದೇ ಆದ್ರೆ ಕಾಣೋ ಹಾಗೆ ಇರ್ಲಿ," ಎಂದಳು.

ಪೂರ್ತಿ ಉಸಿರಿಗೆ ಮತ್ತೊಮ್ಮೆ ಅಳತೆ ತೆಗೆದು, ಹೊತ್ತು ಮುಳುಗುವವರೆಗೆ ಅಕ್ಕ ತಮ್ಮ ಕೂತು ಹೊಲಿದರು. ಅಕ್ಕ ಕರಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಮೂರು ಅಂಕಿ ಮೂಡಿಸಿದಳು. ತಮ್ಮ ದಬ್ಬಳ ಚುಚ್ಚಿ, ಪಟ್ಟಿಗಳನ್ನು ಒಳಕ್ಕೆಳೆದು, ಗೇಣಗಲದ ಸಂದಿಯನ್ನು ಎರಡೂ ಕಡೆ ಮುಚ್ಚಿದ. ದಾರ ಜಗ್ಗುವಾಗಲೆಲ್ಲ ಸೊಟ್ಟ ಬೆರಳು ನೋಯುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಜಗ್ಗಿದ.

ಮರುದಿನ ಟೈಲರಕ್ಕ ಶಟರನ್ನು ಅರ್ಧ ಎಳೆದು ಕುಳಿತಳು. ನಗರಸಭೆ ಮೂರು ಬೀದಿಗಳ ಆಚೆ. ಮೊದಲು ಘೋಷಣೆ ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಆ ಏನೂ ಇಲ್ಲದ ಹೊತ್ತೇ ಅವಳನ್ನು ಹೆಚ್ಚು ಹಿಂಡಿತು. ತಮ್ಮನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಒಂದು ಕಾಲರನ್ನು ತಲೆಕೆಳಗಾಗಿ ಹೊಲಿದು ಬಿಚ್ಚಿದಳು, ಮತ್ತೆ ತಲೆಕೆಳಗಾಗಿಯೇ ಹೊಲಿದಳು. ಬೀದಿಯಲ್ಲಿ ಯಾರೋ ಓಡಿದರು. "ಕಲ್ಲು ಬಿತ್ತಂತೆ, ಕಲ್ಲು ಬಿತ್ತಂತೆ" ಎಂಬ ಮಾತು ಅಂಗಡಿಯಿಂದ ಅಂಗಡಿಗೆ ದಾಟಿತು. ಯಾರಿಗೆ ಎಂದು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ತಾನೇ ಅಳತೆ ತೆಗೆದ ಮೈ. ಯಾವ ಕಡೆಯವರಿಗಾಗಿ ದೇವರಲ್ಲಿ ಬೇಡಿಕೊಳ್ಳುವುದು?

ಮಧ್ಯಾಹ್ನ ತಮ್ಮ ಬಗ್ಗಿ ಶಟರಿನ ಕೆಳಗಿಂದ ಒಳಗೆ ಬಂದ. ಒಂದು ಚೊಂಬು ನೀರು ಕುಡಿದ ಮೇಲೆಯೇ ಮಾತು ಹೊರಟಿತು.

"ನಮ್ಮ ಹಿಂದಿಂದ ಶುರುವಾಯ್ತು ಅಕ್ಕ. ಅವಳು ಆ ಕಡೆ ನೋಡ್ತಿದ್ಳು, ಈ ಕಡೆಯಿಂದ ಕಲ್ಲು ಬರ್ತಿತ್ತು. ನಾನೂರ ಹದಿನೇಳು, ಈ ಕಡೆ, ಈ ಕಡೆ ಅಂತ ಕೂಗಿದೆ. ತಿರುಗಿದ್ಳು. ಕಲ್ಲು ಪಕ್ಕೆಗೇ ಬಿತ್ತು."

ಟೈಲರಕ್ಕ ಯಂತ್ರದ ಅಂಚು ಹಿಡಿದುಕೊಂಡಳು.

"ಮಂಡಿ ಊರಿ ಎದ್ದುನಿಂತ್ಳು. ಹೊಲಿಗೆ ಬಿಟ್ಟಿಲ್ಲ." ಅವನು ಚೊಂಬು ಕೆಳಗಿಟ್ಟ. "ಎದ್ದೋಳು ಲಾಠಿ ಎತ್ತಬಹುದಿತ್ತು. ಎತ್ತಲಿಲ್ಲ. ಪಕ್ಕದಲ್ಲಿ ಬೇಕರಿಯವನು ಅರ್ಧ ಇಟ್ಟಿಗೆ ಹಿಡ್ಕೊಂಡಿದ್ದ. ನಾನು ಕೂಗಿದ್ದು ಕೇಳಿ, ಅವಳು ನಿಂಗೆ ಗೊತ್ತಾ ಅಂದ. ಗೊತ್ತು, ನಮ್ಮ ಅಂಗಡಿಗೆ ಬರ್ತಾಳೆ ಅಂದೆ. ಅವಳ ಅಮ್ಮ ಮನೇಲಿ ಒಬ್ಬಳೇ ಇರ್ತಾಳೆ ಅಂತಲೂ ಅಂದೆ. ಯಾಕೆ ಅಂದೆನೋ ನಂಗೇ ಗೊತ್ತಿಲ್ಲ. ಇಟ್ಟಿಗೆ ಕೆಳಗಿಟ್ಟ."

ಟೈಲರಕ್ಕನಿಗೆ ಆಗ ಅಳು ಬಂತು. ಅತ್ತಳು, ಕಾಲರಿನ ತುಂಡಿನಲ್ಲೇ ಕಣ್ಣೊರೆಸಿಕೊಂಡಳು.

ನಾಲ್ಕು ದಿನ ಕಳೆದವು. ಗೇಟಿನಲ್ಲಿ ಆ ಜಾಕೆಟ್ಟನ್ನು ನೋಡಿದ್ದ ಇನ್‌ಸ್ಪೆಕ್ಟರು ಎಲ್ಲರಿಗೂ ಹಾಗೇ ಹೊಲಿಸಿರೆಂದು ಹೇಳಿದರಂತೆ. ಪೊಲೀಸರು ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರು ಗೊಣಗಿದರು. "ಇನ್ಮೇಲೆ ಬೈಯೋರಿಗೆ ಸುಲಭ ಆಯ್ತು ಬಿಡಿ" ಎಂದ ಒಬ್ಬ. ಅದೂ ಸುಳ್ಳಲ್ಲ.

ಐದನೆಯವನು ಬಂದೋಬಸ್ತಿಗೆಂದು ಬೇರೆ ಠಾಣೆಯಿಂದ ಬಂದವನು, ಎತ್ತರದ ಮನುಷ್ಯ. ಜಾಕೆಟ್ಟು ಹಿಡಿದು ಕೌಂಟರಿನ ಮುಂದೆ ನಿಂತ. ತಮ್ಮ ಅಭ್ಯಾಸದಂತೆ ಮೊದಲು ಕಾಲು ನೋಡಿದ. ಎಡಗಾಲಿನ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿತ್ತು. ಬೂಟಿನ ಮೂತಿಯಲ್ಲಿ ಬಿಳಿ ದಾರ.

ದಬ್ಬಳ ಹಿಡಿದ ಕೈ ನಿಂತುಹೋಯಿತು. ಟೈಲರಕ್ಕ ತಮ್ಮನ ಮುಖ ನೋಡಿದಳು, ಅವನ ನೋಟ ಹಿಡಿದು ಬೂಟು ನೋಡಿದಳು.

"ನಂಬರ್ ಹೇಳಿ," ಎಂದ ತಮ್ಮ.

"ಇನ್ನೂರ ಅರವತ್ತೆರಡು."

"ಇನ್ನೊಂದು ಸಲ ಹೇಳಿ."

ಅವನು ಹೇಳಿದ. ಕೌಂಟರಿನ ಮೇಲಿದ್ದ ಸೊಟ್ಟ ಬೆರಳು ಕಣ್ಣಿಗೆ ಬಿದ್ದಿರಬೇಕು. "ಕೈಗೆ ಏನಾಯ್ತು?" ಎಂದು ಕೇಳಿದ.

"ಫುಟ್‌ಪಾತ್ ತೆರವು ಮಾಡಿದ ದಿನ ಲಾಠಿ ಬಿತ್ತು. ದೂರು ತಗೊಳ್ಲಿಲ್ಲ. ನಂಬರ್ ಬೇಕು ಅಂದ್ರು. ನಂಬರ್ ಕಾಣ್ಲಿಲ್ಲ." ತಮ್ಮ ದಾರಕ್ಕೆ ಮೇಣ ಸವರುತ್ತ ಹೇಳಿದ. "ಬೂಟು ಕಾಣ್ತು."

ಎತ್ತರದವನು ತನ್ನ ಬೂಟು ನೋಡಿಕೊಂಡ. ಬಾಗಿಲ ಕಡೆ ನೋಡಿದ, ಹೋಗಲಿಲ್ಲ. ತಮ್ಮ ಅವನಿಂದ ಜಾಕೆಟ್ಟು ತೆಗೆದುಕೊಂಡು ಪಕ್ಕದ ಪಟ್ಟಿ ಎಳೆದು ನೋಡಿದ. ವೆಲ್ಕ್ರೋ ಪರ್ ಎಂದು ಬಿಟ್ಟುಕೊಂಡಿತು.

"ಇದೂ ಸವೆದಿದೆ. ಪಕ್ಕೆ ಖಾಲಿ ಬಿಡತ್ತೆ. ಬಿಗಿ ಮಾಡ್ಬೇಕು. ಹಾಕ್ಕೊಳ್ಳಿ, ಕೈ ಎತ್ತಿ."

ಅವನು ಹಾಕಿಕೊಂಡು ಕೈ ಎತ್ತಿ ನಿಂತ. ತಮ್ಮ ಅಕ್ಕನ ಟೇಪು ತೆಗೆದು ಅವನ ಎದೆಯ ಸುತ್ತ ಸುತ್ತಿದ.

"ಆ ದೂರು ಇನ್ನೂ ಇದೆಯಾ?" ಎತ್ತರದವನ ದನಿ ಕೆಳಗಿಳಿದಿತ್ತು.

"ಇದೆ. ಪೆಟ್ಟಿಗೇಲಿದೆ."

"ಮತ್ತೆ ಠಾಣೆಗೆ ಹೋಗಿ. ನಂಬರ್ ಕೇಳಿದ್ರೆ..." ಅವನು ತಡೆದ. "ಕೇಳಿದ್ರೆ ಹೇಳಿ."

ತಮ್ಮ ಒಂದು ಕ್ಷಣ ಅವನ ಮುಖ ನೋಡಿದ. ಆ ಮುಖವನ್ನು ಅವನು ನೋಡುತ್ತಿದ್ದುದು ಅದೇ ಮೊದಲು.

"ಹೇಳ್ತೀನಿ," ಎಂದ. ಆಮೇಲೆ ಟೇಪನ್ನು ಸ್ವಲ್ಪ ಸಡಿಲಿಸಿದ. "ಈಗ ಉಸಿರು ತಗೊಳ್ಳಿ. ಹಾಗಲ್ಲ, ಪೂರ್ತಿ ತಗೊಳ್ಳಿ. ಅರ್ಧ ಉಸಿರಿಗೆ ಅಳತೆ ತೆಗೆದ್ರೆ ನಾಳೆ ಓಡುವಾಗ ಕಷ್ಟ ಆಗತ್ತೆ."